ಒಲೆಯ ಉಪವಾಸ

"ಬರೇ ಹತ್ತು ನಿಮಿಷದ ಕೆಲಸ, ಮಮ್ಮಿ. ಬೀಟ್‌ರೂಟ್ ತುರೀಬೇಕು, ಖಜೂರ ರುಬ್ಬಬೇಕು, ಸಣ್ಣ ಉರಿ ಮ್ಯಾಲ ತಿರುವಿಕೋತ ನಿಲ್ಲಬೇಕು. ರಕ್ತ ಹೆಚ್ಚಾಗತೈತಂತ. ಮುಖಕ್ಕ ಕಾಂತೀನೂ ಬರತೈತಂತ."

ಸಾನಿಕಾ ಫೋನಿನಿಂದ ಕಣ್ಣೆತ್ತದೆ ಓದುತ್ತಿದ್ದಳು. ಅವಳ ತಾಯಿ ಶಾಲನ್ ಗೋಡೆಗೆ ಒರಗಿ ಕುಳಿತು ಹುರಿದ ಶೇಂಗಾದ ಸಿಪ್ಪೆ ತಿಕ್ಕುತ್ತಿದ್ದಳು.

"ತುರಿಯೋರು ಯಾರು?"

"ನೀನ. ಮತ್ಯಾರು? ನಿನಗಂತ ಮಾಡೋದಲ್ಲಾ?"

"ತಿರುವಿಕೋತ ನಿಲ್ಲೋರು?"

"ಮಮ್ಮಿ, ನಾ ನಿನ್ನ ಒಳ್ಳೇದಕ್ಕ ಹೇಳಾಕತ್ತೀನಿ!"

ಇಚಲಕರಂಜಿಯ ನಮ್ಮ ಗಲ್ಲಿಯಲ್ಲಿ ಮಗ್ಗದ ಸದ್ದು ನಿಂತಾಗ ಮಾತ್ರ ಮನೆಯೊಳಗಿನ ಮಾತು ಹೊರಗೆ ಕೇಳುತ್ತದೆ. ಚೌಗುಲೆಯವರ ಮನೆಯ ಮಾತು ಮಗ್ಗ ನಡೆಯುತ್ತಿದ್ದರೂ ಕೇಳುತ್ತದೆ. ಹಾಗಾಗಿ ಶಾಲನ್ ಶ್ರಾವಣದ ಮೊದಲ ಸೋಮವಾರ ಒಲೆಯ ಮುಂದೆಯೇ ಕಣ್ಣು ಕತ್ತಲಿಟ್ಟು ಬಿದ್ದದ್ದು, ಸೌಟು ಉರುಳಿದ್ದು, "ಅಯ್ಯೋ, ಸಾಬೂದಾಣಿ ತಳ ಹತ್ತೀತು ನೋಡ್ರೇ!" ಎಂದು ಅತ್ತೆ ಹೌಸಾಬಾಯಿ ಕೂಗಿದ್ದು, ಆಮೇಲೆ "ಅಯ್ಯೋ, ಸೊಸಿ!" ಎಂದು ತಿದ್ದಿಕೊಂಡದ್ದು, ಎಲ್ಲವೂ ಎಲ್ಲರಿಗೂ ಗೊತ್ತಿತ್ತು.

ಡಾಕ್ಟರು ನೋಡಿ, ರಕ್ತ ಕಡಿಮೆಯಿದೆ, ಹೊತ್ತಿಗೆ ಸರಿಯಾಗಿ ಉಣ್ಣಬೇಕು, ಮಧ್ಯಾಹ್ನ ಒಂದಿಷ್ಟು ಅಡ್ಡಾಗಬೇಕು ಅಂದರು. ಅಂದಿನಿಂದ ಮನೆಯವರೆಲ್ಲ ಡಾಕ್ಟರಾದರು. ಮಗ ಓಂಕಾರ ಜಿಮ್ಮಿಗೆ ಹೋಗುವ ಹುಡುಗ. ಮೊಳಕೆ ಕಾಳು, ಪನೀರ್, ಎಣ್ಣೆ ಮುಟ್ಟದ ಪಲ್ಯ ತಿನ್ನು ಅಂದ. ಗಂಡ ಸರ್ಜೇರಾವ್ ಮಗ್ಗದ ಕಾರಖಾನೆಯಲ್ಲಿ ಯಂತ್ರ ರಿಪೇರಿ ನೋಡಿಕೊಳ್ಳುವ ಜಾಬರ್. ನುಗ್ಗೆ ಸೊಪ್ಪು ತಂದು ಕಟ್ಟೆಯ ಮೇಲೆ ಇಟ್ಟು, "ಬಿಡಿಸಿ ಮಾಡ್ಕೋ" ಅಂದು ಪಾಳಿಗೆ ಹೋದ. ಸೊಪ್ಪು ಮೂರು ದಿನ ಅಲ್ಲೇ ಬಾಡಿತು. ಹೌಸಾಬಾಯಿಯ ಮದ್ದು ಎಲ್ಲಕ್ಕಿಂತ ಸುಲಭ: "ನೀನೂ ನನ್ನಂಗ ಸೋಮವಾರ ಹಿಡಿ. ಹೊಟ್ಟೀಗೆ ವಿಶ್ರಾಂತಿ."

"ನಿಮ್ಮ ಹೊಟ್ಟೀಗೆ ವಿಶ್ರಾಂತಿ ಅತ್ತೀ, ನನ್ನ ಕೈಗೆ ಎರಡು ಪಾಳಿ" ಅಂದಳು ಶಾಲನ್.

ಸುಳ್ಳಲ್ಲ. ಸೋಮವಾರ ಹೌಸಾಬಾಯಿಗೆ ಉಪವಾಸ. ಉಪವಾಸವೆಂದರೆ ಸಾಬೂದಾಣಿ ಖಿಚಡಿ, ಸಾವಿ ಅಕ್ಕಿಯ ಅನ್ನ, ಅದರ ಮೇಲೆ ಶೇಂಗಾದ ಸಾರು, ರಾತ್ರಿ ಉಪವಾಸ ಬಿಡಲು ಬಿಸಿ ಊಟ. ಸರ್ಜೇರಾವನಿಗೆ ಜೋಳದ ಭಾಕರಿ, ಮೂಗಿನಲ್ಲಿ ನೀರು ಬರುವಂಥ ಕಡಲೆಹಿಟ್ಟಿನ ಝುಣಕ. ಓಂಕಾರನಿಗೆ ಉಪ್ಪು ಖಾರವಿಲ್ಲದ ಬೇಯಿಸಿದ್ದು. ಸಾನಿಕಾಳ ಡಬ್ಬಿಗೆ ಚಪಾತಿಯೇ ಆಗಬೇಕು. ಭಾಕರಿ ಒಯ್ದರೆ ಗೆಳತಿಯರು ನಗುತ್ತಾರಂತೆ. ಈ ನಾಲ್ಕೂ ಮುಗಿದ ಮೇಲೆ ಶಾಲನ್ ಕಟ್ಟೆಗೆ ಸೊಂಟ ಆನಿಸಿ ನಿಂತು, ಪಾತ್ರೆಗಳ ತಳದಲ್ಲಿ ಉಳಿದದ್ದನ್ನು ಒಂದೇ ತಾಟಿಗೆ ಬಳಿದುಕೊಂಡು ಉಣ್ಣುತ್ತಿದ್ದಳು. ಉಳಿಯದ ದಿನ ಚಹಾ.

ಮುಂದಿನ ಸೋಮವಾರ ಬೆಳಿಗ್ಗೆ ಆ ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯಲಿಲ್ಲ.

ಹೌಸಾಬಾಯಿ ಸ್ನಾನ ಮಾಡಿ ಅಡುಗೆಮನೆಗೆ ಬಂದವಳು ಬಾಗಿಲಲ್ಲೇ ನಿಂತಳು. ಗ್ಯಾಸ್ ಒಲೆ ಫಳಫಳ ತೊಳೆದಿತ್ತು. ಎರಡು ಬರ್ನರಿಗೂ ಅರಿಸಿನ-ಕುಂಕುಮ, ಒಂದೊಂದು ಬಿಲ್ವಪತ್ರೆ. ನಡುವೆ ಹಿತ್ತಾಳೆಯ ಪುಟ್ಟ ಅನ್ನಪೂರ್ಣೆ ಕುಳಿತಿದ್ದಳು. ಶಾಲನ್ ಮದುವೆಯಾಗಿ ಬರುವಾಗ ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ತಂದವಳು. ದೇವರ ಮಾಡದಲ್ಲಿ ಇರಬೇಕಾದವಳು, ಕೈಯಲ್ಲಿ ಸೌಟು ಹಿಡಿದೇ ಒಲೆ ಏರಿದ್ದಳು.

"ಏನಿದು ಹೊಸ ಸೋಗು?"

"ಒಲೀಗೆ ಉಪವಾಸ, ಅತ್ತೀ. ಇವತ್ತಿನಿಂದ ಪ್ರತಿ ಸೋಮವಾರ. ಸಂಕಲ್ಪ ಮಾಡೀನಿ."

"ಒಲೀಗೆ? ಒಲಿ ಏನ್ ಉಣ್ಣತೈತಿ, ಉಪವಾಸ ಮಾಡಾಕ?"

"ನನ್ನ ಉಣ್ಣತೈತಿ."

ಸರ್ಜೇರಾವ್ ಹಲ್ಲುಜ್ಜುತ್ತಲೇ ಬಂದ. "ಚಹಾ ಎಲ್ಲೈತಿ?"

"ಇಲ್ಲ."

"ಇಲ್ಲ ಅಂದ್ರ?"

"ಅಹೋ, ಇಲ್ಲ ಅಂದ್ರ ಇಲ್ಲ. ಒಲಿ ಹಚ್ಚಂಗಿಲ್ಲ. ನಾನೂ ಹಚ್ಚಂಗಿಲ್ಲ, ಯಾರೂ ಹಚ್ಚಂಗಿಲ್ಲ. ಮೊಸರವಲಕ್ಕಿ ಐತಿ, ಮೊಳಕಿ ಕಾಳಿಗೆ ಉಳ್ಳಾಗಡ್ಡಿ-ನಿಂಬಿಹಣ್ಣು ಹಾಕೀನಿ. ಅತ್ತೀಗೆ ಬಾಳೆಹಣ್ಣಿನ ಶಿಕರಣ, ಸೌತೀಕಾಯಿಗೆ ಶೇಂಗಾಪುಡಿ. ಅವೆರಡೂ ಉಪವಾಸಕ್ಕ ನಡೀತಾವ."

"ಹುಚ್ಚು ಹಿಡಿದೈತೇನ? ತಾ ಇಲ್ಲಿ, ನಾನ ಹಚ್ಚತೀನಿ."

"ಹಚ್ರಿ" ಎಂದು ಶಾಲನ್ ಪಕ್ಕಕ್ಕೆ ಸರಿದು ಲೈಟರ್ ಅವನ ಕೈಗೇ ಕೊಟ್ಟಳು. "ವ್ರತ ಮುರಿಸಿದ ಪಾಪಾನೂ ನಿಮಗ ಇರಲಿ."

"ಸರ್ಜ್ಯಾ, ಮುಟ್ಟಬ್ಯಾಡ!" ಎಂದು ಕಿರುಚಿದವಳು ಹೌಸಾಬಾಯಿ.

ಕಿರುಚಿದ ಮೇಲೆ ಅವಳಿಗೇ ತಿಳಿಯಿತು, ತಾನು ಯಾವ ಪಕ್ಷ ಸೇರಿದೆ ಅಂತ. ಆದರೆ ಬಾಯಿ ಬಿಟ್ಟಾಗಿತ್ತು. ಕಾಯಿದೆ ಅವಳದೇ. ಒಮ್ಮೆ ಚತುರ್ಥಿಯ ದಿನ ಅವಳಿಗೆ ಜ್ವರ ಏರಿ, ಸರ್ಜೇರಾವ್ ಹಾಲು-ಬ್ರೆಡ್ಡು ತಿನ್ನಿಸಲು ಹೋದಾಗ, "ಹಿಡಿದವರ ವ್ರತ ಮುರಿಸಿದಾವ ಮುಂದಿನ ಜನ್ಮಕ್ಕ ಹಲ್ಲಿ ಆಗಿ ಹುಟ್ತಾನ" ಎಂದು ಹಾಸಿಗೆಯಿಂದಲೇ ಶಾಪ ಹಾಕಿದ್ದಳು. ಸರ್ಜೇರಾವ್ ಕಾರಖಾನೆಯಲ್ಲಿ ಯಾರಿಗೂ ಹೆದರದ ಗಂಡಸು. ಹಲ್ಲಿಗೆ ಹೆದರುತ್ತಿದ್ದ.

ಅವನು ಲೈಟರನ್ನು ಕಟ್ಟೆಯ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಮೂಲೆಯ ಚಹಾದ ಗಾಡಿಗೆ ಹೋದ.

ಆ ಮಧ್ಯಾಹ್ನ ಶಾಲನ್ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡಳು. ಕಡಲೆಹಿಟ್ಟಿಗೆ ಅರಿಸಿನ, ಒಣಗಿಸಿದ ಕಿತ್ತಳೆ ಸಿಪ್ಪೆಯ ಪುಡಿ, ಹಾಲಿನ ಕೆನೆ ಕಲಸಿ ಮುಖಕ್ಕೆ, ಮೊಣಕೈಗೆ, ಒಡೆದ ಹಿಮ್ಮಡಿಗೆ ಮೆತ್ತಿಕೊಂಡಳು. ಗಚ್ಚಿಯ ಬಾಗಿಲ ಬಳಿ ಚಾಪೆ ಹಾಸಿ ಮಲಗಿದಳು. ಹೌಸಾಬಾಯಿ ಎರಡು ಸಲ ಬಂದು ನೋಡಿ ಹೋದಳು. ಮೂರನೆಯ ಸಲ ತಡೆಯಲಾಗಲಿಲ್ಲ.

"ಉಪವಾಸ ಮಾಡೋರು ಹಿಂಗ ಮದುಮಗಳಂಗ ಬಳಕೊಂಡು ಬೀಳ್ತಾರೇನ?"

"ಉಪವಾಸ ಒಲೀಗೆ, ಅತ್ತೀ. ನನಗಲ್ಲ." ಹಿಟ್ಟು ಒಣಗಿ ಬಿಗಿದಿದ್ದರಿಂದ ಅವಳ ತುಟಿ ಮಾತ್ರ ಅಲ್ಲಾಡಿತು. "ನಿಮ್ಮ ಹಿಮ್ಮಡೀಗೂ ಹಚ್ಚಲೇನ?"

"ನನ್ನ ಹಿಮ್ಮಡಿ ಸುದ್ದಿ ನಿನಗ ಬ್ಯಾಡ" ಎಂದು ಹೌಸಾಬಾಯಿ ಹೋದಳು. ಸ್ವಲ್ಪ ಹೊತ್ತಿಗೆ, "ಮಹಾದೇವನ ಗುಡಿಗೆ ಹೋಗಿ ಬರ್ತೀನಿ" ಎಂದು ಹೊರಬಿದ್ದಳು. ತಿರುಗಿ ಬಂದಾಗ ಅವಳ ಬಾಯಿಂದ ಹಸಿಶುಂಠಿಯ ವಾಸನೆ ಬರುತ್ತಿತ್ತು.

"ಆಜಿ, ಗುಡ್ಯಾಗ ಈಗ ತೀರ್ಥಕ್ಕ ಚಹಾ ಕೊಡ್ತಾರ?" ಎಂದು ಓಂಕಾರ ಕೇಳಿದ.

"ನಿನ್ನ ಬಾಯಿಗೆ ಮಣ್ಣು ಹಾಕಾ!"

ಸುದ್ದಿ ಗಲ್ಲಿಯ ತುದಿ ಮುಟ್ಟಿತು. ಕಾರಖಾನೆಯಲ್ಲಿ ಸರ್ಜೇರಾವನನ್ನು, "ಏನು ಜಾಬರ್, ನಿಮ್ಮನಿ ಫ್ರಿಜ್ಜಿಗೆ ಏನ್ ವ್ರತ? ಕುಕ್ಕರಿಗೆ ನವರಾತ್ರಿ ಐತ್ಯೋ?" ಎಂದು ಕಾಡಿದರು. ಮುಂದಿನ ಸೋಮವಾರದ ಹಿಂದಿನ ದಿನ ಅವನು ಊಟಕ್ಕೆ ಕುಳಿತವನು ತಾಟು ದೂರ ಸರಿಸಿದ.

"ನಾಳೆ ಈ ನಾಟಕ ಬ್ಯಾಡ, ಶಾಲನ್. ಮಂದಿ ನಗಾಕತ್ತಾರ."

"ನಿಮ್ಮ ಮಗ್ಗ ಶುಕ್ರವಾರ ಯಾಕ ನಿಲ್ಲಸ್ತೀರಿ?"

"ಅದಕ್ಕೂ ಇದಕ್ಕೂ ಏನ್ ಸಂಬಂಧ?"

"ಹೇಳ್ರಿ ಮೊದಲ."

"ಎಣ್ಣಿ ಬಿಡಬೇಕು, ಅರಳಿ ಧೂಳ ಝಾಡಿಸಬೇಕು, ಸವೆದದ್ದು ಬದಲಸಬೇಕು. ನಿಲ್ಲಸದ ಓಡಿಸಿದ್ರ ಮುರದು ಬೀಳ್ತೈತಿ."

"ಮಂದಿ ನಗತಾರೇನ?"

ಸರ್ಜೇರಾವ್ ತಾಟು ಮತ್ತೆ ಎಳೆದುಕೊಂಡು ಭಾಕರಿ ಮುರಿದ. "ಅದು ಯಂತ್ರ, ಮಾರಾಯ್ತಿ."

"ಅದಕ್ಕ ಅದರ ಪುಣ್ಯ ದೊಡ್ಡದು" ಅಂದಳು ಶಾಲನ್.

ಆ ಸೋಮವಾರ ಓಂಕಾರ ಮೊಳಕೆ ಕಾಳಿಗೆ ತಾನೇ ಉಳ್ಳಾಗಡ್ಡಿ ಹೆಚ್ಚಿದ. ಹೆಚ್ಚುವಾಗ ಅತ್ತ, ಅತ್ತದ್ದಕ್ಕೆ ತಂಗಿ ವಿಡಿಯೋ ಮಾಡಿದಳು, ವಿಡಿಯೋ ಅಳಿಸೆಂದು ಇಬ್ಬರೂ ಅಡುಗೆಮನೆ ತುಂಬ ಓಡಿದರು. ಹೌಸಾಬಾಯಿಗೆ ಒಂದು ಅನುಕೂಲವಾಗಿತ್ತು, ಆದರೆ ಬಾಯಿ ಬಿಡಲಿಲ್ಲ: ಸೋಮವಾರದ ಸಾಬೂದಾಣಿ ತಪ್ಪಿದ ಮೇಲೆ ಮಂಗಳವಾರ ಅವಳಿಗೆ ಹುಳಿತೇಗು ಇರಲಿಲ್ಲ. ಹೊಟ್ಟೆ ತಣ್ಣಗಿದ್ದರೂ ಅವಳ ಮನಸ್ಸು ಕುದಿಯುತ್ತಲೇ ಇತ್ತು. ಮುಖ ತೊಳೆದು, ಜಡೆ ಹೆಣೆದುಕೊಂಡು ಸೊಸೆ ಸಂಜೆ ಕಟ್ಟೆಗೆ ಬಂದು ಕೂತಾಗ, ನೆರೆಮನೆಯವರು "ಶಾಲನ್ ವೈನಿ, ಮಾರಿ ಮ್ಯಾಲ ಬೆಳಕು ಬಂತು ನೋಡ್ರಿ" ಅಂದರೆ, ಒಳಗಿಂದ ಹೌಸಾಬಾಯಿ ಹೇಳುತ್ತಿದ್ದಳು: "ಬರದ ಏನು? ನಮ್ಮ ಒಲಿ ಬೆಳಕೆಲ್ಲಾ ಅಲ್ಲೇ ಹೋಗೇತಿ."

ಕೊನೆಗೆ ಅವಳಿಗೊಂದು ಹಿಡಿ ಸಿಕ್ಕಿತು.

"ವ್ರತ ಅಂದ್ಯಲ್ಲಾ, ಇದರ ಕಹಾಣಿ ಯಾವುದು?"

ಶ್ರಾವಣದಲ್ಲಿ ಪ್ರತಿ ವ್ರತಕ್ಕೂ ಒಂದು ಕಹಾಣಿ, ಅಂದರೆ ಕಥೆ, ಇರುತ್ತದೆ. ಪೂಜೆಯಾದ ಮೇಲೆ ಒಬ್ಬರು ಹೇಳಬೇಕು, ಉಳಿದವರು ಅಕ್ಷತೆ ಮುಷ್ಟಿಯಲ್ಲಿ ಹಿಡಿದು ಕೇಳಿ, ಮುಗಿದ ಮೇಲೆ ದೇವರ ಮೇಲೆ ಹಾಕಬೇಕು. ಹಾಗೆ ಕೇಳಿದರೆ ಮಾತ್ರ ವ್ರತ.

"ಸೋಮವಾರಕ್ಕೈತಿ, ಶುಕ್ರವಾರಕ್ಕೈತಿ, ನಾಗಪ್ಪಗೈತಿ. ಕಹಾಣಿ ಇಲ್ಲದ್ದು ವ್ರತ ಅಲ್ಲ, ಸೊಕ್ಕು" ಅಂದಳು ಹೌಸಾಬಾಯಿ. "ಬರೋ ಸೋಮವಾರ ನಾ ಒಲಿ ಹಚ್ಚಾಕಿನ. ಹಲ್ಲಿ ಆಗೋದಿದ್ರ ಆಗ್ತೀನಿ."

ಆ ವಾರ ಹೌಸಾಬಾಯಿ ಸುಮ್ಮನೆ ಕೂರಲಿಲ್ಲ. ಜಯಸಿಂಗಪುರದಲ್ಲಿದ್ದ ಮಗಳು ಕಾಂಚನ್‌ಗೆ ಫೋನು ಹೋಯಿತು. ಶ್ರಾವಣದ ಕಡೆಯ ಸೋಮವಾರ ಹೊತ್ತೇರುವ ಮೊದಲೇ ಕಾಂಚನ್ ಬಂದಳು. ಒಬ್ಬಳೇ ಅಲ್ಲ, ತನ್ನ ಅತ್ತೆ ಇಂದೂತಾಯಿಯನ್ನೂ ಕರೆತಂದಳು. ಬೀಗಿತ್ತಿ ಬಂದ ಮನೆಯಲ್ಲಿ ಒಲೆ ಹೇಗೆ ಹಚ್ಚುವುದಿಲ್ಲವೋ ನೋಡೋಣ ಅಂತ.

ಇಂದೂತಾಯಿಗೂ ಸೋಮವಾರದ ಉಪವಾಸವೇ. ತಾಯಿ, ಮಗಳು, ಬೀಗಿತ್ತಿ ಮೂವರೂ ಮಹಾದೇವನ ಪೂಜೆ ಮಾಡಿ, ಸೋಮವಾರದ ಕಹಾಣಿ ಹೇಳಿ ಮುಗಿಸಿದರು. ಅಕ್ಷತೆಯ ಬಟ್ಟಲು ಇನ್ನೂ ನಡುವೆಯೇ ಇತ್ತು.

"ವೈನಿ," ಎಂದು ಕಾಂಚನ್ ಅಡುಗೆಮನೆಯತ್ತ ಕೂಗಿದಳು, "ನಮ್ಮತ್ತಿಗೆ ಬಿಸಿಬಿಸಿ ಸಾಬೂದಾಣಿ ಖಿಚಡಿ ಮಾಡ್ರಿ. ಮೊದಲ ಚಹಾ ಇಡ್ರಿ."

ಶಾಲನ್ ತಾಟುಗಳನ್ನು ತಂದಿಟ್ಟಳು. ಶಿಕರಣ, ಸೌತೆಕಾಯಿ, ಖಜೂರ, ಹಸಿ ಕೊಬ್ಬರಿ, ದಾಳಿಂಬೆ ಬಿಡಿಸಿ ಹಾಕಿದ ಮೊಸರು.

"ಇದೇನು? ಬೀಗಿತ್ತಿ ಮುಂದ ಮಂಗ್ಯಾನ ಊಟ ಇಡ್ತೀರಿ?"

"ಕಾಂಚನ್‌ತಾಯಿ, ಒಲೀಗೆ ಉಪವಾಸ ಐತಿ. ನಿಮ್ಮ ಆಯಿ ಫೋನ್‌ನ್ಯಾಗ ಹೇಳಿರಬೇಕಲ್ಲಾ."

"ಹೇಳ್ಯಾಳ. ಅದಕ್ಕ ಬಂದೀನಿ. ದಾದಾ, ಏಳು! ಗಂಡಸು ಹೌದೋ ಅಲ್ಲೋ? ಹಚ್ಚು ಒಲಿ!"

ಸರ್ಜೇರಾವ್ ಎದ್ದ. ಲೈಟರ್ ತೆಗೆದುಕೊಂಡ. ಬೀಗಿತ್ತಿ ನೋಡುತ್ತಿದ್ದಳು, ತಂಗಿ ನೋಡುತ್ತಿದ್ದಳು, ಬಾಗಿಲಲ್ಲಿ ಇಬ್ಬರು ಮಕ್ಕಳು. ಶಾಲನ್ ಈ ಸಲ ಪಕ್ಕಕ್ಕೆ ಸರಿಯಲಿಲ್ಲ. ಒಲೆಗೆ ಬೆನ್ನು ಕೊಟ್ಟು ನಿಂತಳು.

"ಸರಿ ಬಾಜೂ" ಅಂದ ಅವನು, ಮೆಲ್ಲಗೆ.

"ಇಲ್ಲ."

"ಶಾಲನ್, ಮಂದಿ ಮುಂದ ನನ್ನ ಮರ್ಯಾದಿ ತೆಗೀಬ್ಯಾಡ."

"ಅವತ್ತು ಇಲ್ಲೇ ಬಿದ್ದಿದ್ದೆ, ಇದ ಕಲ್ಲಿನ ಮ್ಯಾಲ. ನಿಮ್ಮ ಆಯಿ ಮೊದಲ ಖಿಚಡಿ ನೋಡಿದ್ರು, ಆಮ್ಯಾಲ ನನ್ನ ನೋಡಿದ್ರು. ನನ್ನ ಮರ್ಯಾದಿ ಆ ಪಾತೇಲಿ ತಳಕ್ಕ ಹತ್ತೇತಿ, ಇನ್ನೂ ಬಿಟ್ಟಿಲ್ಲ. ತಿಕ್ಕಾಕತ್ತೀನಿ."

"ಕಹಾಣಿ ಇಲ್ಲದ ವ್ರತ!" ಎಂದಳು ಹೌಸಾಬಾಯಿ, ಪೂಜೆಗೆ ಕುಳಿತಲ್ಲಿಂದಲೇ. "ಕೇಳ್ರಿ ಇಂದೂತಾಯಿ, ಇದಕ್ಕ ಕಹಾಣೀನ ಇಲ್ಲ."

"ಐತಿ" ಅಂದಳು ಶಾಲನ್.

ನಿಂತಲ್ಲೇ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವಳು ಶುರು ಮಾಡಿದಳು:

"ಕೇಳ್ರವ್ವಾ ಒಲಿಯವ್ವನ ಕಹಾಣಿ. ಒಂದು ಪಟ್ಟಣ ಇತ್ತು. ಪಟ್ಟಣದಾಗ ಒಂದು ಮನಿ. ಮನ್ಯಾಗ ನಾಕು ನಾಲಿಗಿ. ಒಂದಕ್ಕ ಖಾರ ಬೇಕು, ಒಂದಕ್ಕ ಬ್ಯಾಡ. ಒಂದಕ್ಕ ಎಣ್ಣಿ ಬೇಕು, ಒಂದಕ್ಕ ಆಗಂಗಿಲ್ಲ. ಸೊಸಿ ನಾಕು ಗಡಿಗಿ ಏರಿಸ್ತಿದ್ಲು, ನಾಕು ಗಡಿಗಿ ಇಳಸ್ತಿದ್ಲು. ಒಂದಿನ ಅನ್ನಪೂರ್ಣಿ ಮುದುಕಿ ಆಗಿ ಹಿತ್ತಲ ಬಾಗಲಿಗೆ ಬಂದ್ಲು. 'ಮಗಳ, ಉಂಡಿ?' ಅಂದ್ಲು. 'ಎಲ್ಲಾರದೂ ಆಗಲವ್ವಾ' ಅಂದ್ಲು ಸೊಸಿ. ಮರುದಿನ ಬಂದ್ಲು. 'ಮಗಳ, ಉಂಡಿ?' 'ಎಲ್ಲಾರದೂ ಆಗಲವ್ವಾ.' ಮೂರನೇ ದಿನ ಮುದುಕಿ ಒಳಗ ಬಂದು ಗಡಿಗಿಯೊಳಗ ಇಣುಕಿದ್ಲು. ನಾಕೂ ಗಡಿಗಿ ತಳಾ ಕೆರದಿದ್ದು. 'ಎಲ್ಲಾರದೂ ಆತು. ನಿಂದೆಲ್ಲೈತಿ?' ದೇವಿಗೆ ಸಿಟ್ಟು ಬಂತು. 'ಹೆಸರಿನ್ಯಾಗ ಅನ್ನ ಇಟ್ಕೊಂಡೀನಿ. ನನ್ನ ಒಲಿ ಮುಂದ ನಿಂತಾಕೀನ ಹಸದು ನಿಂತ್ರ ನನ್ನ ಹೆಸರು ಯಾತಕ್ಕ?' ಅಂದ್ಲು. ಉರಿಯೋ ಒಲಿ ಆರಿಸಿದ್ಲು, ಅದರ ಮ್ಯಾಲ ಕಾಲು ಚಾಚಿ ಮಲಗೇ ಬಿಟ್ಲು. ಅತ್ತಿ ಬಂದು ಏಳಂದ್ಲು, ಏಳಲಿಲ್ಲ. ಗಂಡ ಬಂದು ಗದರಿದಾ, ಏಳಲಿಲ್ಲ. ನಾದಿನಿ ಪರಊರಿಂದ ಗಾಡಿ ಮಾಡ್ಕೊಂಡು ಬಂದ್ಲು..."

ಸಾನಿಕಾ ಬಾಯಿಗೆ ಕೈ ಅಡ್ಡ ಹಿಡಿದಳು.

"...ಆದ್ರೂ ಏಳಲಿಲ್ಲ. ಊರ ರಾಜಾನ ಬಂದ. 'ತಾಯಿ, ಪಟ್ಟಣದ ಒಲಿ ಎಲ್ಲಾ ಆರ್ಯಾವ. ಏನ್ ಕೊಟ್ರ ಏಳ್ತಿ?' ದೇವಿ ಅಂದ್ಲು: 'ಬಂಗಾರ ಬ್ಯಾಡ, ಸೀರಿ ಬ್ಯಾಡ. ವಾರಕ್ಕೊಂದಿನ ನನಗ ತಣ್ಣಗ ಮಲಗಾಕ ಬಿಡ್ರಿ. ಅವತ್ತು ಈಕಿ ಎಲ್ಲಾರಿಗಿಂತ ಮೊದಲ ಉಣ್ಣಲಿ. ಯಾವ ಮನ್ಯಾಗ ಇದು ನಡೀತೈತಿ, ಆ ಮನಿ ಒಲಿ ಉಳದ ಆರು ದಿನ ಆರಂಗಿಲ್ಲ.' ರಾಜ ಹೂಂ ಅಂದ. ದೇವಿ ಎದ್ಲು. ಒಲಿಯವ್ವ ಆಕಿಗೆ ಒಲಿದಂಗ ಕೇಳಿದವರಿಗೂ ಒಲೀಲಿ."

ಮೊದಲು ಚೇತರಿಸಿಕೊಂಡವಳು ಕಾಂಚನ್.

"ಇದು ಕಹಾಣಿ ಅಲ್ಲ, ನಮಗ ಬೈದದ್ದು! ಆಯಿ, ಕೇಳಿದೆಲ್ಲಾ? ನಿನ್ನೆ ರಾತ್ರಿ ಕೂತು ಕಟ್ಟ್ಯಾಳ! ಆಯಿ?... ಆಯಿ, ಮುಷ್ಟಿ ಯಾಕ ಕಟ್ಟೀದಿ?"

ಹೌಸಾಬಾಯಿ ತನ್ನ ಬಲಗೈ ನೋಡಿಕೊಂಡಳು. ಬೆರಳು ಬಿಚ್ಚಿದಳು. ಅಂಗೈಯಲ್ಲಿ ಕುಂಕುಮ ಹತ್ತಿದ ಅಕ್ಷತೆ ಬೆವರಿಗೆ ಅಂಟಿಕೊಂಡಿತ್ತು. "ಒಂದು ಪಟ್ಟಣ ಇತ್ತು" ಅನ್ನುವ ಮಾತು ಕಿವಿಗೆ ಬಿದ್ದ ಕೂಡಲೇ, ಚಿಕ್ಕಂದಿನಿಂದ ಹೋಗುತ್ತಿದ್ದ ಹಾಗೆ, ಕೈ ತಾನಾಗಿ ಬಟ್ಟಲಿಗೆ ಹೋಗಿತ್ತು.

"ನಾ ಬೇಕಂತ ಹಿಡಿಯಲಿಲ್ಲ" ಅಂದಳು.

"ಮತ್ತ ಚೆಲ್ಲು!"

"ಹುಚ್ಚಿ! ಕಹಾಣಿ ಕೇಳಿದ ಅಕ್ಷತಿ ಚೆಲ್ಲತಾರೇನ?" ಇದನ್ನು ಅಂದವಳು ಇಂದೂತಾಯಿ. ಅವಳೂ ತನ್ನ ಮುಷ್ಟಿ ಬಿಚ್ಚದೆ ಮಡಿಲಲ್ಲಿ ಇಟ್ಟುಕೊಂಡಿದ್ದಳು. "ಹಿಡಿದು ಕೇಳಿದ ಮ್ಯಾಲ ಅದು ವ್ರತಾನ. ಏಳ್ರಿ ಬೀಗತಿ, ಎಲ್ಲಿ ಹಾಕೋದು ಅಲ್ಲೇ ಹಾಕೋಣು."

ಹೌಸಾಬಾಯಿ ಗೋಡೆ ಹಿಡಿದು ಎದ್ದಳು. ಅಡುಗೆಮನೆಯಲ್ಲಿ ಮಗ ಲೈಟರ್ ಹಿಡಿದು ನಿಂತಿದ್ದ. "ನೀ ದೂರ ಸರಿ, ಕಂಬದಂಗ ನಿಂತಾನ" ಎಂದು ಅವನನ್ನು ಬದಿಗೆ ಒತ್ತಿದಳು. ಸೊಸೆ ಅರ್ಧ ಹೆಜ್ಜೆ ಮಾತ್ರ ಸರಿದಳು. ಇಬ್ಬರು ಮುದುಕಿಯರೂ ಒಲೆಯ ಮೇಲಿನ ಅನ್ನಪೂರ್ಣೆಗೆ ಅಕ್ಷತೆ ಹಾಕಿ ಕೈ ಮುಗಿದರು.

"ಕಹಾಣಿ ಸುಳ್ಳೈತಿ" ಅಂದಳು ಹೌಸಾಬಾಯಿ, ಕೈ ಮುಗಿದುಕೊಂಡೇ. "ಅತ್ತಿ ಏಳಂದ್ರ ಎಂಥಾ ದೇವರೂ ಏಳತಾವ."

"ನಮ್ಮ ಕಡೆ ದೇವರು ಏಳಂಗಿಲ್ಲ" ಅಂದಳು ಶಾಲನ್.

ಇಂದೂತಾಯಿ ಶಾಲನ್‌ಳನ್ನು ಮೇಲಿಂದ ಕೆಳಗೆ ನೋಡಿದಳು. "ಎಷ್ಟು ಸೋಮವಾರ ಹಿಡಿಯೋದವ್ವಾ ಇದನ್ನ? ಹದಿನಾರೋ? ಉದ್ಯಾಪನ ಯಾವಾಗ?"

"ಇದಕ್ಕ ಮುಗಿಸೋ ಪೂಜಿ ಇಲ್ಲರೀ. ಒಲಿ ಇರೂತನಕ."

"ಅತ್ತೀ, ನೀವೂ ಏನ್ ಕೇಳ್ತೀರಿ!" ಎಂದು ಕಾಂಚನ್ ಚೀಲ ಎತ್ತಿಕೊಂಡಳು. "ದಾದಾ, ನಡಿ. ನಿನ್ನ ಮನ್ಯಾಗ ಇಲ್ಲಂದ್ರ ಗಾಡಿ ಮ್ಯಾಲಾದ್ರೂ ಚಹಾ ಕುಡಿಸು."

ಸರ್ಜೇರಾವ್ ಲೈಟರ್ ಎಲ್ಲಿಡಬೇಕೆಂದು ತಿಳಿಯದೆ ಅಂಗಿಯ ಕಿಸೆಗೆ ಹಾಕಿಕೊಂಡು ತಂಗಿಯ ಹಿಂದೆ ಹೋದ. ಹೊಸ್ತಿಲಲ್ಲಿ ತಿರುಗಿ, "ನನ್ನ ಅವಲಕ್ಕಿ ಮುಚ್ಚಿಡು, ಬಂದು ಉಣ್ತೀನಿ" ಅಂದ. ಶಾಲನ್ ಕಹಾಣಿಯಲ್ಲಿ ಹೇಳಿದ್ದಾಗಿತ್ತು, ಇನ್ನು ಮಾಡಬೇಕಿತ್ತು. ಬೀಗಿತ್ತಿ, ಅತ್ತೆ, ಮಕ್ಕಳು ಎಲ್ಲರೂ ನಿಂತಿರುವಾಗಲೇ ಅವಳು ಮಣೆ ಎಳೆದು ನಡುಮನೆಯಲ್ಲಿ ಕುಳಿತಳು. ಅವಲಕ್ಕಿಯ ಮೇಲೆ ಮೊಸರು ಸುರಿದು, ದೊಡ್ಡ ತುತ್ತು ಮಾಡಿ ಬಾಯಿಗಿಟ್ಟಳು.

ಅಷ್ಟರಲ್ಲಿ ಹೊರಗೆ ಕಬ್ಬಿಣ ಕಲ್ಲಿಗೆ ತಾಗಿದ ಸದ್ದಾಯಿತು. ಗ್ಯಾಸಿನ ಹುಡುಗ ತುಂಬಿದ ಸಿಲಿಂಡರ್ ಉರುಳಿಸಿಕೊಂಡು ಬಂದು ಬಾಗಿಲಲ್ಲಿ ನಿಂತ.

"ಚೌಗುಲೆ ವೈನೀ, ಟಾಕಿ ಬಂತ್ರಿ! ಜೋಡಿಸಿ, ಒಮ್ಮೆ ಹಚ್ಚಿ ನೋಡಿ ಹೋಗ್ಲೇನ್ರಿ?"

ಶಾಲನ್‌ಳ ಬಾಯಿ ತುಂಬಿತ್ತು. ಕತ್ತು ಅಲ್ಲಾಡಿಸಿದಳು, ಹುಡುಗನಿಗೆ ಅದು ಕಾಣಲಿಲ್ಲ. ಅವನು ಒಂದು ಕಾಲು ಒಳಗಿಟ್ಟ.

"ಹಚ್ಚಬ್ಯಾಡೋ!" ಎಂದು ಹೌಸಾಬಾಯಿ ಗದರಿದಳು. "ಉಪವಾಸ ಐತಿ."

"ಯಾರಿಗ್ರಿ ಆಜಿ?"

"ಹೋಗೋ, ಸುಮ್ನ ಇಟ್ಟು ಹೋಗು."

ಹುಡುಗ ಅದನ್ನು ಗೋಡೆಗೆ ಆನಿಸಿ ನಿಲ್ಲಿಸಿ, ರಸೀದಿ ಹರಿದು ಕೊಟ್ಟು ಹೋದ. ಹೌಸಾಬಾಯಿ ಪೂಜೆಯ ಕುಂಕುಮದ ಬಟ್ಟಲು ಹಿಡಿದುಕೊಂಡೇ ಹೊರಗೆ ಬಂದಿದ್ದಳು. ಸಿಲಿಂಡರಿನ ಮುಂದೆ ಬಗ್ಗಿ, ಅದರ ಕೆಂಪು ಬಣ್ಣದ ಮೇಲೆ ಎಲ್ಲಿಟ್ಟರೆ ಕುಂಕುಮ ಎದ್ದು ಕಾಣುತ್ತದೆ ಎಂದು ಸುತ್ತ ಹುಡುಕತೊಡಗಿದಳು.